ಕೊನೆಯ ಸಾಲು ಉಳಿಸಿದ ಶೀತಲ

ಅಕ್ಕಲಕೋಟದಿಂದ ಬರುವ ಮೊದಲ ಎಸ್‌ಟಿ ಬಸ್ಸು ವಳಸಂಗದಲ್ಲಿ ನಿಂತಾಗ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ತನ್ನೂರಿನಲ್ಲಿ ಅದನ್ನು ಹತ್ತುವ ಶೀತಲ ಹತ್ತೂರೆ ಆರೂವರೆಗೆ ಸೊಲ್ಲಾಪುರದ ಕಂಪ್ಯೂಟರ್ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾಳೆ. ಎಂಟು ಕಂಪ್ಯೂಟರುಗಳ ಮೇಲೆ ಹೊದಿಸಿದ ಬಟ್ಟೆ ತೆಗೆದು ಮಡಚುತ್ತಾಳೆ, ಧೂಳು ಒರೆಸುತ್ತಾಳೆ. ಏಳಕ್ಕೆ ಮೊದಲ ಬ್ಯಾಚು ಬರುವವರೆಗೆ ಫೋನಿನ ಲೈನು ಅವಳದು. ಮೋಡೆಮ್ ಅರಚಿಕೊಂಡು ಲೈನು ಸಿಕ್ಕಿತೋ, ಅಂದಿನ ಅದೃಷ್ಟ.

ಬೆಳಿಗ್ಗೆ ಎರಡು ಬ್ಯಾಚಿಗೆ ಕಲಿಸುವುದು, ಮಧ್ಯಾಹ್ನ ಡಿಗ್ರಿ ಕಾಲೇಜು, ಸಂಜೆ ಮತ್ತೆ ಬಸ್ಸು. ಇಪ್ಪತ್ತರ ಈ ಹುಡುಗಿಯ ದಿನ ಇಷ್ಟೇ. ಇವಳು ತಿದ್ದಿದ ಸಾಲೊಂದು ಯಾವ್ಯಾವುದೋ ದೇಶಗಳ ಕಂಪ್ಯೂಟರುಗಳಲ್ಲಿ ಕೂತಿದೆ ಎಂದರೆ ಬಸ್ಸಿನಲ್ಲಿ ಪಕ್ಕ ಕೂತವರು ನಂಬುವುದಿಲ್ಲ. ಅವಳಿಗೇ ಇನ್ನೂ ನಂಬಿಕೆ ಬಂದಿಲ್ಲ.

ಎಲ್ಲ ಶುರುವಾದದ್ದು ಹೋದ ವರ್ಷ, 1998ರ ಮಾರ್ಚಿನಲ್ಲಿ. ಕ್ಲಾಸಿನ ಪರೀಕ್ಷೆಯ ದಿನ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ!

"ಬೆರಳಿಟ್ಟು ಮೂರು ಸಲ ಓದಿನಿ. ಇಲ್ಲಂದ್ರ ಇಲ್ಲ" ಎನ್ನುತ್ತಾಳೆ. ಎರಡನೆಯ ಹಾಳೆಯಲ್ಲಿ ಸಹಪಾಠಿ ಅಮೋಗಸಿದ್ಧನೂ ಮಾಯ. ಇಬ್ಬರದೂ ಹಾಳೆಯ ಕೊನೆಯ ಸಾಲು. ಮುದ್ರಿಸುವ ಪ್ರೋಗ್ರಾಮು ಪ್ರತಿ ಪುಟದ ಕೊನೆಯ ಸಾಲನ್ನು ನುಂಗಿ ನೀರು ಕುಡಿದಿತ್ತು.

ಕ್ಲಾಸು ನಡೆಸುವ ಅನಂತ ಸರ್ ನಕ್ಕುಬಿಟ್ಟರು. "ನೋಡವ್ವಾ, ಇದು ಪುಕ್ಕಟಿ ಸಾಫ್ಟ್‌ವೇರ್. ಒಳಗ ಏನೇನು ಬರದಾರ ಎಲ್ಲಾ ಬಿಚ್ಚಿ ಇಟ್ಟಾರ. ಧೈರ್ಯ ಇದ್ರ ನೀನೇ ತಿದ್ದು."

ಶೀತಲ ದಂಗಾದಳು. ಹಗಲಿರುಳು ಕೂತು ಬರೆದದ್ದನ್ನು ಯಾರು ಬೇಕಾದರೂ ಓದಲಿ, ತಿದ್ದಲಿ ಎಂದು ಹೀಗೆ ಬಿಟ್ಟುಕೊಡುವವರೂ ಇದ್ದಾರೆಯೇ? ಹತ್ತೊಂಬತ್ತು ಬೆಳಗು ಓದಿದಳು. ಇಪ್ಪತ್ತನೆಯ ಬೆಳಗು ತಪ್ಪು ಸಿಕ್ಕಿತು. ಸಾಲುಗಳನ್ನು ಎಣಿಸುವ ಕಡೆ ಒಂದು ಸಮ ಚಿಹ್ನೆ ಇರಲಿಲ್ಲ, ಅಷ್ಟೇ. ಎಣಿಕೆ ಒಂದು ಸಾಲು ಮೊದಲೇ ನಿಂತುಬಿಡುತ್ತಿತ್ತು.

ಪ್ರೋಗ್ರಾಮು ಬರೆದಾತ ಹಾಲೆಂಡಿನವನು. ಅವನಿಗೆ ರಜೆಯ ಅರ್ಜಿಯ ಧಾಟಿಯಲ್ಲಿ, ಗೌರವಾನ್ವಿತ ಸರ್, ನಮ್ರ ವಿನಂತಿ ಎಂದು ಇಂಗ್ಲಿಷಿನಲ್ಲಿ ಉದ್ದನೆಯ ಈಮೇಲು ಕಳಿಸಿದಳು. ಮರುದಿನ ಬಂದ ಉತ್ತರ ಎರಡೇ ಸಾಲು: ಸರ್ ಅನ್ನಬೇಡ. ಪ್ಯಾಚ್ ಎಲ್ಲಿ?

ಬೈದನೋ ಕರೆದನೋ ತಿಳಿಯದೆ ಅವಳು ಮನೆಯಲ್ಲಿ ಹೇಳಿಕೊಂಡಳು. ಕೌದಿ ಹೊಲಿಯುತ್ತಿದ್ದ ತಾಯಿ ಗುರುಬಾಯಿಗೆ ಸಿಟ್ಟೇ ಬಂತು. "ಪ್ಯಾಚ್ ಅಂದ್ರ ತ್ಯಾಪಿ ಅಲ್ಲೇನ? ಹರದದ್ದು ಅವಂದು, ತ್ಯಾಪಿ ಹಚ್ಚಾಕಿ ನೀ. ಮ್ಯಾಲ ಅವನೇ ಜೋರು ಮಾಡತಾನ?"

ತ್ಯಾಪೆ ಹೋಯಿತು. ತಿದ್ದಿದ ಆ ಒಂದು ಸಾಲನ್ನು ಅವನು ಒಪ್ಪಿಕೊಂಡ.

ಈ ವರ್ಷ ಜೂನಿನಲ್ಲಿ ಹೊಸ ಆವೃತ್ತಿಯ ಸೀಡಿ ಕ್ಲಾಸಿಗೆ ಬಂತು. ನೆರವಾದವರ ಪಟ್ಟಿಯಲ್ಲಿ ನೂರ ನಲವತ್ತು ಹೆಸರು. ಶೀತಲ ಮತ್ತೆ ಬೆರಳಿಟ್ಟು ಹುಡುಕಿದಳು. ಅಲ್ಲಿದ್ದದ್ದು: ಹತ್ತೂರೆ ಎಸ್. ಸಿದ್ಧರಾಮ.

ಸಿದ್ಧರಾಮ ಅವಳ ತಂದೆ! ಕಾಲೇಜಿನ ಹಾಜರಿಯಲ್ಲಿ ಇರುವಂತೆ ಅಡ್ಡಹೆಸರು ಮೊದಲು, ತನ್ನದು ನಡುವೆ, ಅಪ್ಪನದು ಕೊನೆಗೆ ಎಂದು ಈಮೇಲಿಗೆ ಸಹಿ ಹಾಕಿದ್ದಳು. ನಡುವಿನದು ಅಷ್ಟು ಮುಖ್ಯವಲ್ಲ ಎಂದು ಹಾಲೆಂಡಿನವನು ಅದನ್ನು ಒಂದಕ್ಷರಕ್ಕೆ ಇಳಿಸಿದ್ದ. ಮಾಯವಾದ ಹೆಸರನ್ನು ಹುಡುಕಿ ತಂದವಳ ಹೆಸರೇ ಮತ್ತೆ ಮಾಯ. "ಅಳಲೋ ನಗಲೋ ತಿಳೀಲಿಲ್ರಿ."

ಬಂದಷ್ಟು ಬಂತಲ್ಲ, ಬಿಡು ಎಂದರು ಗೆಳತಿಯರು. ಜೋಳದ ಹೊಲದಿಂದ ಬಂದ ಸಿದ್ಧರಾಮ ಹತ್ತೂರೆ ಮಾತ್ರ ಸುದ್ದಿ ಕೇಳಿ ಹೌಹಾರಿದರು. "ಅಯ್ಯ, ನಾ ಎಂದ ಮಾಡಿನವ್ವಾ ಅದನ್ನ? ಕಂಪ್ಯೂಟರ್ ಮುಟ್ಟಿಲ್ಲ ನಾ. ಮಗಳ ಮೆಹನತಿಗಿ ಅಪ್ಪ ಹೆಸರ ಹಚ್ಚಿಕೊಂಡಾನ ಅಂದಾರು ಮಂದಿ. ಮೊದಲ ತಗಸು ಅದನ್ನ!"

ಹೆಸರು ತಪ್ಪಾಗಿದೆ ಎಂದು ಶೀತಲ ಬರೆದು ತಿಳಿಸಿದಳು. ಹಾಲೆಂಡಿನಿಂದ ಈ ಸಲವೂ ಅದೇ ಧಾಟಿಯ ಉತ್ತರ: ಹೇಳಬೇಡ, ಪ್ಯಾಚ್ ಕಳಿಸು.

ಪ್ಯಾಚಿನಲ್ಲಿ ತೆಗೆಯುವ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸುವ ಸಾಲಿನ ಮುಂದೆ ಕೂಡುವ ಚಿಹ್ನೆ. ಅಪ್ಪನ ಹೆಸರಿನ ಮುಂದೆ ಕಳೆಯುವ ಚಿಹ್ನೆ ಕಂಡು ಅವಳ ಕೈ ತಡೆಯಿತು. ಕೆಳಗೆ ಹೊಸ ಸಾಲು ಬರೆದಳು: ಶೀತಲ ಸಿದ್ಧರಾಮ ಹತ್ತೂರೆ. ಅಪ್ಪ ಎಲ್ಲಿಗೂ ಹೋಗಲಿಲ್ಲ, ಮಗಳ ಹಿಂದೆ ನಿಂತರು.

ಆ ತ್ಯಾಪೆ ಹೋಗಿ ಹನ್ನೊಂದು ದಿನವಾಗಿದೆ, ಉತ್ತರ ಬಂದಿಲ್ಲ. ಏಳರ ಬ್ಯಾಚಿನವರು ಹೊರಗೆ ಚಪ್ಪಲಿ ಬಿಡುತ್ತಿದ್ದಾರೆ. ಶೀತಲ ಲೈನು ಕಡಿದು ಏಳುತ್ತಾಳೆ.

"ಹೆಸರು ಪೂರಾ ಬಂದ್ರ ಸಾಕ್ರಿ. ಪಟ್ಟಿಯೊಳಗ ಕಡೀ ಸಾಲಿನ್ಯಾಗ ಹಾಕಿದ್ರೂ ನಡೀತದ" ಎನ್ನುತ್ತಾಳೆ. "ಕಡೀ ಸಾಲು ಈಗ ಮಾಯ ಆಗಂಗಿಲ್ಲ."