ಮೂರು ಗಂಟು ಮಣ್ಣು

ಗಿರಾಕಿ ಬಂದರೆ ರಾಚಪ್ಪ ಮಿಸ್ತ್ರಿ ಮೊದಲು ಅವನ ಕಾಲು ಮುಟ್ಟುತ್ತಿದ್ದರು. ನಮಸ್ಕಾರಕ್ಕಲ್ಲ. ಐವತ್ತು ದಾಟಿದ ಮನುಷ್ಯ ಬಗ್ಗಿ ಕಾಲಿಗೆ ಕೈ ಹಚ್ಚಿದರೆ ಹೊಸಬರು ಗಾಬರಿಯಾಗಿ ಹಿಂದೆ ಸರಿಯುತ್ತಿದ್ದರು. ಅವರು ಬಿಡುತ್ತಿರಲಿಲ್ಲ. ಚಪ್ಪಲಿಯ ಅಂಚಿಗೆ ಹತ್ತಿದ ಮಣ್ಣನ್ನು ಉಗುರಿನಿಂದ ಕೆರೆದು, ಎರಡು ಬೆರಳ ನಡುವೆ ತಿಕ್ಕಿ, ಮೂಸಿ ನೋಡಿ, "ಹಳ್ಳ ದಾಟಿ ಬಂದೀರೇನ್ರಿ?" ಎಂದು ಕೇಳುತ್ತಿದ್ದರು. ಹೆಚ್ಚಾಗಿ ಹೌದೇ ಆಗಿರುತ್ತಿತ್ತು.

ಅವರಿಗೆ ಕಣ್ಣು ಇರಲಿಲ್ಲ. ಯುದ್ಧದ ಕಾಲಕ್ಕೆ ಮಿಲಿಟರಿಯ ಮೋಟಾರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಬ್ಯಾಟರಿಯ ಆಸಿಡ್ ಸಿಡಿದು ಎರಡೂ ಹೋಗಿದ್ದವು. ಹುಟ್ಟಿದ್ದು ಅಥಣಿ ಕಡೆ. ಯುದ್ಧ ಮುಗಿದ ಮೇಲೆ ಜತ್ತದಲ್ಲಿದ್ದ ತಂಗಿಯ ಮನೆಗೆ ಬಂದು, ಪೇಟೆಯ ತುದಿಯಲ್ಲಿ ತಗಡಿನ ಕೆಳಗೆ ಟಾಯರು, ಟ್ಯೂಬಿನ ಕೆಲಸ ಹಚ್ಚಿದರು. ಟ್ಯೂಬಿನ ತೂತು ಹುಡುಕಲು ಎಲ್ಲರೂ ಬೋಗುಣಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾರೆ. ರಾಚಪ್ಪನವರು ಟ್ಯೂಬನ್ನು ಗಲ್ಲದ ಹತ್ತಿರ ಹಿಡಿದು ತಿರುಗಿಸುತ್ತಿದ್ದರು. ಗಾಳಿ ಗಲ್ಲಕ್ಕೆ ತಾಗಿದಲ್ಲಿ ಬೆರಳಿಟ್ಟು, "ಜಾಲಿಮುಳ್ಳ" ಅನ್ನುತ್ತಿದ್ದರು. ಮೊಳೆಯಾದರೆ ಮೊಳೆ ಅನ್ನುತ್ತಿದ್ದರು. ಅದು ಹೇಗೆ ತಿಳಿಯುತ್ತಿತ್ತೋ ನಾನು ಕೇಳಲಿಲ್ಲ. ಕೇಳಿದರೆ ನನಗೆ ತಿಳಿಯದ್ದೂ ಒಂದಿದೆ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಆ ವಯಸ್ಸಿನಲ್ಲಿ ನಾನು ಅಂಥವನು.

ಆಗ ಸಂಸ್ಥಾನ ಹೋಗಿ ನಾಲ್ಕೈದು ವರ್ಷವಾಗಿತ್ತು. ಜತ್ತ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತ್ತು. ನಾನು ದನದ ದವಾಖಾನೆಯಲ್ಲಿ ಕುರಿಗಳಿಗೆ ಸೂಜಿ ಹಾಕುವ ನೌಕರಿ ಹಿಡಿದಿದ್ದೆ. ಹುದ್ದೆ ಸಣ್ಣದು. ಕುರಿ ಕಾಯುವವರು ಮಾತ್ರ ಬಾಯಿ ತುಂಬ "ಡಾಕ್ಟರ್ರ" ಎಂದು ಕರೆಯುತ್ತಿದ್ದರು, ಅದನ್ನು ತಿದ್ದುವ ಮನಸ್ಸು ನನಗೆ ಒಮ್ಮೆಯೂ ಬರಲಿಲ್ಲ. ಹಳ್ಳಿಗಳಿಗೆ ಸೈಕಲ್ ಮೇಲೆ ಹೋಗುವಷ್ಟರಲ್ಲಿ ಪೆಟ್ಟಿಗೆಯಲ್ಲಿನ ಔಷಧ ಬಿಸಿಲಿಗೆ ಕೆಡುತ್ತದೆಂದು ಮೇಲಿನವರು ನಮಗೊಂದು ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಕಳಿಸಿದರು. ಮಿಲಿಟರಿಯವರು ಹರಾಜಿನಲ್ಲಿ ಬಿಟ್ಟದ್ದು. ತೀರ ಹಗುರ, ಒಬ್ಬನೇ ಎತ್ತಿ ಕಟ್ಟೆಯ ಮೇಲೆ ಇಡಬಹುದಿತ್ತು. ಎಂಜಿನ್ನು ಚಲೋ ಇತ್ತು, ಟಾಯರು ಮಾತ್ರ ಸವೆದು ನುಣ್ಣಗಾಗಿದ್ದವು. ನಮ್ಮ ಡಾಕ್ಟರ್ ಸಾಹೇಬರು, "ರಾಚಪ್ಪನ ಕಡೆ ಒಯ್ಯಿ, ಅವ ಹೇಳಿದ್ದ ಹಾಕಸು," ಎಂದರು.

ನಾನು ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ಹೋದೆ. ರಾಚಪ್ಪನವರು ಬಗ್ಗಿ ಬೂಟು ಸವರಿದರು, ಅಂಚಿಗೆ ಉಗುರು ಹಾಕಿದರು, ಮತ್ತೆ ಸವರಿದರು.

"ನೀವು ಎಲ್ಲಿಂದ ಬಂದೀರಿ ಅನ್ನೂದ ತಿಳಿವಲ್ದ್ರಿ," ಎಂದರು.

ನನಗೆ ಅದು ಹೊಗಳಿಕೆಯಂತೆ ಕೇಳಿಸಿತು.

ಆಮೇಲೆ ಫಟಫಟಿಯನ್ನು ತಲೆಯಿಂದ ಬಾಲದವರೆಗೆ ಮುಟ್ಟಿ ನೋಡಿದರು. ಹಿಂದಿನ ಗಾಲಿ ಎತ್ತಿ ತೂಗಿದರು. ಅವರ ತಗಡಿನ ಕೆಳಗೆ ಈ ಅಳತೆಯ ಹಿಂದಿನ ಟಾಯರು ಎರಡೇ ಇದ್ದವು. ಒಂದಕ್ಕೆ ಹಲ್ಲು ಸಣ್ಣವು, ಒತ್ತೊತ್ತಾಗಿದ್ದವು. ಇನ್ನೊಂದಕ್ಕೆ ದಪ್ಪ ಹಲ್ಲು, ನಡುವೆ ಬೆರಳು ತೂರುವಷ್ಟು ಜಾಗ.

"ಮುಂದಿನ ಗಾಲಿ ಹಾದಿ ಕೇಳತೈತ್ರಿ, ಹಿಂದಿನ ಗಾಲಿ ದುಡೀತೈತಿ," ಎಂದು ವಿವರಿಸಿದರು. "ಮುಂದಿಂದಕ್ಕ ಉದ್ದ ಗೀರಿದ್ದರ ಸಾಕು, ಹೇಳಿದ ಕಡೆ ಹೊಳ್ಳತೈತಿ. ಹಿಂದಿಂದಕ್ಕ ಮಣ್ಣ ನೋಡಿ ಹಲ್ಲು ಕೊಡಬೇಕು. ಎರಿ, ಅಂದ್ರ ಜಿಗಟ ಕರಿಮಣ್ಣ ಇದ್ರ ಹಲ್ಲು ದೂರ ದೂರ ಬೇಕ್ರಿ, ತಿರಗತ ತಿರಗತ ಕೆಸರ ಉದರತೈತಿ. ಕಲ್ಲು, ಗರಸು ಇದ್ರ ಒತ್ತಿನ ಹಲ್ಲ ಚಲೋ. ದೊಡ್ಡ ಟಾಯರ ಹಾಕೂಣ ಅಂತೀರಿ ಮತ್ತ. ಈ ಹಗುರ ಗಾಡಿಗೆ ಅದನ್ನ ಹಾಕಿದ್ರ ಕೂಸಿನ ಕಾಲಿಗೆ ಅಪ್ಪನ ಜೋಡ ಹಾಕಿಧಂಗ. ಎಲ್ಲೆಲ್ಲಿ ತಿರಗತೀರಿ?"

"ಕುಣಿಕೋಣೂರ, ಶೇಗಾಂವ, ಬಾಲಗಾಂವ."

"ಮೂರೂ ಹಾದಿದು ಒಂದೊಂದ ಮುಟಗಿ ಮಣ್ಣ ತರ್ರಿ. ಊರಂದಲ್ಲ, ಹಾದೀದು. ಅರಿಬ್ಯಾಗ ಕಟ್ರಿ. ಕುಣಿಕೋಣೂರಿಗೆ ಒಂದ ಗಂಟು, ಶೇಗಾಂವಕ್ಕ ಎರಡು, ಬಾಲಗಾಂವಕ್ಕ ಮೂರು. ನಾ ಆ ಕಡೆ ಹೋಗಿಲ್ಲ, ಹೋಗೂದೂ ಇಲ್ಲ. ನನ್ನ ಕೈ ಹೋಗಿ ಬರಲಿ."

ಅದು ಅವರ ಪದ್ಧತಿ. ಲಾರಿಯವರಿಂದ ಹಿಡಿದು ಟಾಯರಿನ ಗಾಡಿ ಮಾಡಿಸುವ ರೈತರವರೆಗೆ ಎಲ್ಲರೂ ಮಣ್ಣು ಕಟ್ಟಿಕೊಂಡು ಬರುತ್ತಿದ್ದರು. ಅವರು ಅಂಗೈಯಲ್ಲಿ ನೀರು ಹನಿಸಿ, ಕಲಸಿ, ಉಂಡೆ ಕಟ್ಟಿ ನೋಡಿ ಟಾಯರು ಹೇಳುತ್ತಿದ್ದರು. ಹೇಳಿದ್ದು ತಪ್ಪಿದ ಉದಾಹರಣೆ ಇರಲಿಲ್ಲ. ತಂಗಿಯ ಮನೆಯ ಊಟಕ್ಕೆ ಕೂತರೂ ಅವರು ತಲೆ ಎತ್ತಿ ಕೂಡುತ್ತಿದ್ದದ್ದು ಈ ಒಂದು ವಿದ್ಯೆಯ ಬಲದಿಂದ.

ಮೂರು ಊರು ಸೈಕಲ್ ತುಳಿದು ಬರಲು ಎರಡು ಮೂರು ದಿನ ಬೇಕು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಶೇಗಾಂವದಲ್ಲಿ ನನಗೆ ಹೆಣ್ಣು ನಿಶ್ಚಯವಾಗಿತ್ತು. ಬರುವ ಸೋಮವಾರವೇ ಫಟಫಟಿ ಬಾರಿಸಿಕೊಂಡು ಮಾವನಾಗುವವರ ಮನೆಯ ಮುಂದೆ ಇಳಿಯಬೇಕೆಂದು ಲೆಕ್ಕ ಹಾಕಿದ್ದೆ. ದವಾಖಾನೆಯ ಹಿತ್ತಲಿಗೆ ಹೋದೆ. ಕುರಿ ಕಟ್ಟುವ ಗೂಟದ ಹತ್ತಿರ ಬಗ್ಗಿ ಮೂರು ಮುಷ್ಟಿ ಮಣ್ಣು ತೆಗೆದೆ. ಹಳೆಯ ಧೋತರದ ಚೂರು ಹರಿದು ಒಂದು ಗಂಟು, ಎರಡು ಗಂಟು, ಮೂರು ಗಂಟು ಹಾಕಿದೆ. ಕುರುಡನಿಗೆ ಏನು ತಿಳಿಯುತ್ತದೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಈ ಮಾತನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ. ಬರೆಯುವಾಗಲೂ ಕೈ ಹಿಂದೆ ಬರುತ್ತಿದೆ.

ಹಾದಿಯಲ್ಲಿ ಲಾರಿ ಸಿಕ್ಕು ಬೇಗ ಮುಗಿಯಿತು ಎಂದು ಹೇಳಿ ಮರುದಿನವೇ ಕೊಟ್ಟೆ. ರಾಚಪ್ಪನವರು ಒಂದೊಂದನ್ನೇ ಬಿಚ್ಚಿ ಕಲಸಿದರು. ಮೂರನೆಯದನ್ನು ಎರಡು ಸಲ ಕಲಸಿದರು. ಅದಕ್ಕೂ ಮೊದಲೇ ಅವರ ಎಡಗೈ ದಪ್ಪ ಹಲ್ಲಿನ ಟಾಯರಿನ ಮೇಲೆ ಹೋಗಿ ಕೂತಿತ್ತು. ಈಗ ಅದನ್ನು ಹಿಂದಕ್ಕೆ ತೆಗೆದುಕೊಂಡರು.

"ಮೂರೂ ಒಂದ ತಾಯಿ ಮಕ್ಕಳಿದ್ಧಂಗ ಅದಾವಲ್ರಿ. ಬಾಲಗಾಂವದ ಕಡೆ ಎರಿ ಐತಿ ಅಂತ ಕೇಳಿದ್ನಿ. ಇದು ಉಂಡಿನ ಆಗವಲ್ದು."

"ಎರಿ ಹೊಲದಾಗ ಐತ್ರಿ ಕಾಕಾ. ಹಾದಿಮ್ಯಾಗ ಇಲ್ಲ."

"ಹೌದ್ರಿ? ನೀವ ಕಣ್ಣಿದ್ದವ್ರು, ನೋಡಿ ತಂದೀರಿ. ಖರೇನ ಇರಬೇಕು," ಎಂದು ಒತ್ತಿನ ಹಲ್ಲಿನ ಟಾಯರು ಹಾಕಿಕೊಟ್ಟರು.

ಸೋಮವಾರ ಶೇಗಾಂವದಲ್ಲಿ ನಾನು ಅಂದುಕೊಂಡಂತೆಯೇ ಆಯಿತು. ಮಾವನಾಗುವವರು ಎರಡು ಸಲ ಫಟಫಟಿಯ ಸುತ್ತ ತಿರುಗಿದರು. ಒಂದು ತಿಂಗಳು ಗಾಡಿ ಗರಸಿನ ಹಾದಿಯಲ್ಲಿ ಹೂವಿನಂತೆ ಓಡಿತು. ಆಮೇಲೆ ಮಳೆ ಬಂತು. ಬಾಲಗಾಂವದ ಮಂದೆಯಲ್ಲಿ ಬೇನೆ ಕಾಣಿಸಿದೆ ಎಂದು ಸುದ್ದಿ ಬಂದು, ಔಷಧದ ಪೆಟ್ಟಿಗೆ ಹಿಂದೆ ಕಟ್ಟಿಕೊಂಡು ಹೊರಟೆ. ಹಳ್ಳದ ದಂಡೆಯ ಎರಿಯೊಳಗೆ ಹತ್ತು ಮಾರು ಹೋಗುವುದರಲ್ಲಿ ಕೆಸರು ಹಲ್ಲುಗಳ ನಡುವೆ ತುಂಬಿ ಟಾಯರು ನುಣ್ಣಗಾಯಿತು. ಹಿಂದಿನ ಗಾಲಿ ಪಕ್ಕಕ್ಕೆ ಜಾರಿತು. ನಾನು ಒಂದು ಕಡೆ, ಪೆಟ್ಟಿಗೆ ಒಂದು ಕಡೆ. ಒಂದು ಬಾಟ್ಲಿಯೂ ಉಳಿಯಲಿಲ್ಲ.

ಕುರಿಯವರು ನಾಲ್ವರು ಬಂದು ಫಟಫಟಿಯನ್ನು ಹೆಗಲ ಮೇಲೆ ಹೊತ್ತು ಹಳ್ಳಕ್ಕೆ ತಂದು, ಗಾಲಿ ತಿರುಗುವ ಹಾಗೆ ತೊಳೆದುಕೊಟ್ಟರು. "ಡಾಕ್ಟರ್ರ, ಗಾಡಿ ನಿಮ್ಮನ್ನ ಹೊರಬೇಕ್ರಿ. ನಾವ ಗಾಡಿ ಹೊರಾಕತ್ತೀವಲ್ಲ," ಎಂದು ಒಬ್ಬ ನಕ್ಕ. ಹೊಸ ಔಷಧ ಬರುವವರೆಗೆ ಅವನ ಮಂದೆಯಲ್ಲೇ ಹದಿನಾಲ್ಕು ಕುರಿ ಹೋದವು.

ಡಾಕ್ಟರ್ ಸಾಹೇಬರು ಕಾರಣ ಕೇಳಿದರು. ಟಾಯರು ತಪ್ಪಾಯಿತು ಎಂದೆ. ಅವರು ನನ್ನನ್ನು ಕರೆದುಕೊಂಡು ನೇರವಾಗಿ ರಾಚಪ್ಪನವರ ಹತ್ತಿರ ಹೋದರು. ಅಂದು ಸಂತೆ, ಅಂಗಡಿಯ ಮುಂದೆ ಹತ್ತಿಪ್ಪತ್ತು ಜನ ಕೂತಿದ್ದರು. ಸಾಹೇಬರು ಏರಿದ ದನಿಯಲ್ಲಿ, "ಎರಿ ಹಾದಿಗೆ ಇಂಥ ಟಾಯರ ಯಾರರ ಹಾಕತಾರೇನಪಾ?" ಎಂದರು.

ರಾಚಪ್ಪನವರು ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟರು. ನಾನು ನಿಂತಿದ್ದ ಕಡೆ ಮುಖ ತಿರುಗಿಸಿದರು.

"ಆ ಮಣ್ಣು ಬಾಲಗಾಂವದ ಹಾದೀದ ಹೌದಲ್ರಿ?"

ಒಂದು "ಅಲ್ಲ" ಸಾಕಾಗಿತ್ತು. ನೌಕರಿಯೇನೂ ಹೋಗುತ್ತಿರಲಿಲ್ಲ, ನಾಲ್ಕು ಬೈಗುಳ ತಿನ್ನುತ್ತಿದ್ದೆ. ಆದರೆ ಆ ಸಂತೆಯಲ್ಲಿ ಶೇಗಾಂವದವರೂ ಇದ್ದರು.

"ಹೌದು," ಎಂದೆ.

"ಹಂಗಾರ ನನ್ನ ಕೈದ ತಪ್ಪು," ಎಂದರು ರಾಚಪ್ಪನವರು. ಎದ್ದು, ದಪ್ಪ ಹಲ್ಲಿನ ಟಾಯರು ಇಳಿಸಿ, ಎಲ್ಲರ ಎದುರಿಗೇ ಗಾಲಿ ಬಿಚ್ಚಿ ಹಾಕಿಕೊಟ್ಟರು. ಅದು ಎರಿಯಲ್ಲಿ ಚೆನ್ನಾಗಿ ಓಡಿತು. ಓಡಿದಷ್ಟೂ ಅವರ ತಪ್ಪು ಊರಿಗೆ ಖಾತ್ರಿಯಾಯಿತು.

ಮುಂದೆ ಯಾರಾದರೂ ಮಣ್ಣು ತಂದರೆ ಅವರು ಗಂಟು ಬಿಚ್ಚುತ್ತಿರಲಿಲ್ಲ. "ನೀವ ಆರಸ್ರಿ, ನಾ ಹಾಕಿ ಕೊಡತೀನಿ," ಅನ್ನುತ್ತಿದ್ದರು. ಗಿರಾಕಿಯ ಕಾಲು ಮುಟ್ಟುವುದನ್ನೂ ಬಿಟ್ಟರು. ಮಂದಿ ಅಂದದ್ದಕ್ಕಿಂತ ಹೆಚ್ಚಾಗಿ ಅವರೇ ತಮ್ಮ ಬೆರಳನ್ನು ನಂಬಲಿಲ್ಲ. ನಾನು ಪೇಟೆಗೆ ಹೋಗಲು ಇನ್ನೊಂದು ಓಣಿ ಹಿಡಿದೆ. ಫಟಫಟಿಯ ಸದ್ದು ಅವರಿಗೆ ಗುರುತಿದೆ ಎಂದು ಅವರ ಓಣಿಯ ಬಾಯಿಗೆ ಬಂದಾಗ ಎಂಜಿನ್ನು ಬಂದ್ ಮಾಡಿ ನೂಕಿಕೊಂಡು ಹೋಗುತ್ತಿದ್ದೆ. ಇಂಥ ಜಾಣತನಕ್ಕೆ ನನ್ನಲ್ಲಿ ಕೊರತೆ ಇರಲಿಲ್ಲ.

ಮೂರು ವರ್ಷಕ್ಕೆ ಪಂಢರಪುರದ ಕಡೆ ಬದಲಿಯಾಯಿತು. ಹೋಗುವ ಮುಂಚೆ ಹೇಳಿಯೇ ಬಿಡಬೇಕೆಂದು ಒಂದು ಬೆಳಿಗ್ಗೆ ನಡೆದುಕೊಂಡೇ ಅವರ ಹತ್ತಿರ ಹೋದೆ. ದನಿ ಕೇಳಿದ ಕೂಡಲೇ ಗುರುತಿಸಿದರು.

"ಬರ್ರಿ ಡಾಕ್ಟರ್ರ, ಕುಂದ್ರಿ. ಚಲೋ ಆತು ಬಂದ್ರಿ. ನಿಮ್ಮ ಕಡಿಂದ ಒಂದ ಕೆಲಸ ಆಗಬೇಕಿತ್ತು."

ಡಬ್ಬಿಯೊಂದನ್ನು ತೆಗೆದರು. ಅದರಲ್ಲಿ ಮಣ್ಣು ಕಟ್ಟಿದ ನನ್ನ ಧೋತರದ ಮೂರು ಚೂರಿದ್ದವು.

"ದಿನಾ ತಗದು ನೋಡತೀನ್ರಿ. ಎಲ್ಲಿ ತಪ್ಪಿತು ತಿಳಿವಲ್ದು. ಕೈಯಾಗ ಉಂಡಿ ಆಗದ ಮಣ್ಣು ಗಾಲಿ ಹೆಂಗ ಹಿಡೀತು? ಬಿಚ್ಚಿ ಬಿಚ್ಚಿ ಕಟ್ಟಿ ಗಂಟಿನ ಲೆಕ್ಕ ತಪ್ಪೇತಿ, ಯಾವ ಊರಿಂದು ಯಾವುದು ಅನ್ನೂದೂ ಮರತೀನಿ. ನೀವ ತಂದವ್ರು. ಬಾಲಗಾಂವದ್ದು ಯಾವುದು ಹೇಳ್ರಿ. ಅದೊಂದ ಕಲತರ ಸಾಕು, ಇನ್ನೊಮ್ಮೆ ಮಂದಿಗೆ ಟಾಯರ ಹೇಳತೀನಿ."

ಮೂರನ್ನೂ ನನ್ನ ಮುಂದೆ ಸಾಲಾಗಿ ಇಟ್ಟರು. ಅವರ ಮುಖದಲ್ಲಿ ಇನ್ನೇನು ತಿಳಿಯಿತು ಎಂಬ ಆಸೆ ಇತ್ತು. ಅದನ್ನು ನೋಡಿ ನನ್ನ ಬಾಯಿ ಕಟ್ಟಿತು ಎಂದು ಬಹಳ ವರ್ಷ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ನಾನು ಹೆದರಿದೆ, ಅಷ್ಟೇ. ನಡುವಿನದನ್ನು ಎತ್ತಿ ಅವರ ಅಂಗೈಯಲ್ಲಿಟ್ಟೆ.

"ಇದ್ರಿ ಕಾಕಾ."

ಅವರು ಅದಕ್ಕೊಂದು ದಾರ ಸುತ್ತಿ ಗುರುತು ಮಾಡಿಕೊಂಡರು. ಉಳಿದೆರಡನ್ನು ಡಬ್ಬಿಗೆ ಹಾಕಿದರು. ನಾನು ಹೋಗಿ ಬರುತ್ತೇನೆ ಎಂದಾಗ ತಲೆ ಆಡಿಸಿದರು, ಗಮನ ನನ್ನ ಕಡೆ ಇರಲಿಲ್ಲ. ಆ ನಂತರ ನಾನು ಅವರನ್ನು ನೋಡಲಿಲ್ಲ; ತೀರಿಕೊಂಡ ಸುದ್ದಿ ಪಂಢರಪುರಕ್ಕೆ ತಡವಾಗಿ ಬಂತು. ಅಂದು ಓಣಿ ತಿರುಗುವ ಮುಂಚೆ ಹೊರಳಿ ನೋಡಿದೆ. ಗಂಟು ಬಿಚ್ಚಿ, ಕುರಿ ಕಟ್ಟುವ ಹಿತ್ತಲಿನ ಆ ಮಣ್ಣನ್ನು ಎರಡು ಬೆರಳಲ್ಲಿ ತಿಕ್ಕುತ್ತ, ಸಾಲಿಯ ಹುಡುಗರು ಪಾಠ ಒಪ್ಪಿಸುವಂತೆ, "ಬಾಲಗಾಂವ... ಬಾಲಗಾಂವ..." ಎಂದು ಹೇಳಿಕೊಳ್ಳುತ್ತಿದ್ದರು.