ಕದಿಯದ ಕೆರೆಗೋಡು

“ಅಮ್ಮಾವ್ರೇ, ಊರಿಗೆ ಗೊತ್ತಿಲ್ದಂಗೆ ಕೆರೆ ಗೋಡು ಹೊಡಿಸ್ಕೊಂಡಿದ್ದೀರಲ್ಲ, ಇದು ಸರೀನಾ?”

ಪಕ್ಕದ ತೋಟದ ಮುನಿಶಾಮಪ್ಪ ನಾಲ್ಕು ಜನರ ಮುಂದೆ ಹೀಗೆ ಕೇಳಿದಾಗ ನನಗೆ ಶಾಕ್ ಆಯಿತು. ತೊಂಬತ್ತರ ದಶಕದ ಮಾತು. ಅನುಗೊಂಡನಹಳ್ಳಿಯ ಹತ್ತಿರ ನಮ್ಮದೊಂದು ಹಿಪ್ಪುನೇರಳೆ ತೋಟವಿತ್ತು. ಆ ಬೇಸಿಗೆ ತೋಟಗಳಿಗೆ ಗೊಬ್ಬರವಾಗಿ ಹಾಕಲು ಕೆರೆಯ ಕಪ್ಪು ಹೂಳು, ಅಂದರೆ ಗೋಡು, ಎತ್ತಲು ಊರಿನವರು ಸರದಿ ಗೊತ್ತು ಮಾಡಿದ್ದರು. ನನ್ನ ಸರದಿಗೆ ಮೊದಲೇ ನನ್ನ ಕೆಮ್ಮಣ್ಣು ಕಪ್ಪಾಗಿತ್ತು! ಕಳ್ಳಿ ಅನ್ನಿಸಿಕೊಂಡು ಆ ಊರಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

“ಗುದ್ದಲಿ ತಗೊಂಡು ನೀವೇ ಅಗೆದು ನೋಡಿ” ಅಂದೆ.

ಅಗೆದರು. ಅರ್ಧ ಕೊಳೆತ ಹೊಂಗೆ ಎಲೆ, ರೇಷ್ಮೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ದಪ್ಪ ದಪ್ಪ ಎರೆಹುಳ. ಕೆರೆಯ ಒಂದೇ ಒಂದು ಕಪ್ಪೆಚಿಪ್ಪೂ ಸಿಗಲಿಲ್ಲ.

ಊರವರೆಲ್ಲ ಗುಡಿಸಿ ಬೆಂಕಿ ಹಚ್ಚುವ ಕಸವನ್ನು ನಾನು ಕೆಲವು ವರ್ಷಗಳಿಂದ ಗಿಡಗಳ ಸಾಲಿನಲ್ಲಿ ಹೂಳಿಸುತ್ತಿದ್ದೆ. ಸುಟ್ಟರೆ ಎಲೆಯ ಕಾರ್ಬನ್ ಹೊಗೆಯಾಗಿ ಆಕಾಶಕ್ಕೆ ಹೋಗುತ್ತದೆ, ಹೂತರೆ ಒಂದಷ್ಟಾದರೂ ಮಣ್ಣಲ್ಲೇ ಉಳಿಯುತ್ತದೆ ಎಂದು ನಾನು ಓದಿದ ಕಾನ್ವೆಂಟಿನ ಬಾಟನಿ ಕ್ಲಾಸಿನ ಧಾಟಿಯಲ್ಲೇ ವಿವರಿಸಿದೆ.

ಮುನಿಶಾಮಪ್ಪ ಹಿಡಿ ಮಣ್ಣು ತೆಗೆದು ಮೂಸಿ ನೋಡಿದರು. “ಅಯ್ಯೋ ಶಿವನೇ! ಹಂಗಾದ್ರೆ ವರ್ಷಾ ವರ್ಷ ನಾವು ಬೆಂಕಿ ಇಕ್ತಾ ಇದ್ದಿದ್ದು ಗೋಡಿಗೇನಾ?”

ಆಮೇಲೆ ಅವರ ತೋಟದಲ್ಲಿ ಹೊಗೆ ಏಳಲಿಲ್ಲ. ಈಗ ನನ್ನ ಬಳಿ ಆ ತೋಟವಿಲ್ಲ, ಸ್ಕೂಲಿನಲ್ಲಿ ನನಗೆ ಬಂದಿದ್ದ ಪ್ರೈಜ್‌ಗಳೂ ಎಲ್ಲೋ ಕಳೆದುಹೋಗಿವೆ. ಕದ್ದದ್ದೇ ಇರಬೇಕೆಂದು ಊರಿಗೆ ಅನುಮಾನ ಬರುವಷ್ಟು ಚೆನ್ನಾಗಿತ್ತು ನನ್ನ ಮಣ್ಣು. ಆ ಸರ್ಟಿಫಿಕೇಟ್ ಒಂದು ಸಾಕು.