ಸುತ್ತಿ ಬಳಸಿ ಬಂದ ಟೀ

ಮೊನ್ನೆ ಶಿರಾದಲ್ಲಿ, ಪಾವಗಡದ ಕಡೆ ತಿರುಗುವ ರಸ್ತೆಯ ಟೀ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದಲ್ಲೇ ರಾಗಿ ತುಂಬಿದ ಲಾರಿ ನಿಂತಿತ್ತು. ಗೋಣಿಚೀಲದ ಧೂಳೂ ಶುಂಠಿ ಟೀಯ ಘಮವೂ ಒಟ್ಟಿಗೆ ಮೂಗಿಗೆ ಬಡಿದಾಗ ನಮ್ಮ ಮೇಡಂ ನೆನಪಾದರು...

ಮೇಡಂ ಎಂದರೆ ಮಧುಗಿರಿ ಗೋಡೌನಿನ ಮ್ಯಾನೇಜರು. ನಾನು ಅವರ ಕೈಕೆಳಗಿನ ಗುಮಾಸ್ತ. ನಮ್ಮದು ರೈತರ ಸಂಘ. ಮಧುಗಿರಿಯಲ್ಲೂ ಶಿರಾದಲ್ಲೂ ರಾಗಿ ಕೊಂಡು, ಕೊರಟಗೆರೆ ಮತ್ತು ಪಾವಗಡದ ಗೋಡೌನುಗಳಿಗೆ ಕಳಿಸಿ ಅಲ್ಲಿ ಮಾರುತ್ತಿದ್ದೆವು. ಮೇಡಂ ಪಾವಗಡದ ಕಡೆಯವರು. ಗಾಬರಿಯಾದರೆ ಬಾಯಲ್ಲಿ ತೆಲುಗು ಬರುತ್ತಿತ್ತು. ಗೆಲ್ಲುವುದೆಂದರೆ ಅವರಿಗೆ ಪ್ರಾಣ. ಗೆದ್ದಮೇಲೆ ಸುಮ್ಮನಿರುವ ಪೈಕಿಯಂತೂ ಅಲ್ಲ.

ಒಂದು ವರ್ಷ ಲಾರಿ ಬಾಡಿಗೆ ಕೈಮೀರಿತೆಂದು ಸಂಘದವರು ತಲೆಯ ಮೇಲೆ ಕೈಹೊತ್ತು ಕೂತರು. ದೂರದ ಪಾವಗಡದ ಗೋಡೌನನ್ನು ಮುಚ್ಚಿಬಿಡೋಣ ಎಂಬ ಮಾತು ಬಂತು. ಮುಚ್ಚಿದರೆ ಅಲ್ಲಿ ಮೂಟೆ ಹೊರುವವರಿಗೆ ಕೆಲಸವಿಲ್ಲ, ಆ ಕಡೆಯ ವಳ್ಳೂರಿನಂಥ ಊರುಗಳ ಜನ ನಮ್ಮ ರಾಗಿಗೆ ಮಧುಗಿರಿಯವರೆಗೂ ಬರಬೇಕು. ಮೇಡಂ ಬಾಡಿಗೆಯ ಚೀಟಿಗಳನ್ನು ಮತ್ತೆ ಮತ್ತೆ ಕೂಡತೊಡಗಿದರು.

ಒಂದು ಬೆಳಗ್ಗೆ ನಮ್ಮ ಗೇಟಿನೆದುರು ಶಿರಾದ ಲಾರಿ ಟೀಗೆಂದು ನಿಂತಿತು. ಕೊರಟಗೆರೆಗೆ ರಾಗಿ ಹೊತ್ತ ಲಾರಿ. ಯಾವಾಗಲೂ ಅಲ್ಲೇ ನಿಲ್ಲುತ್ತಿತ್ತು, ಡ್ರೈವರ್ ಜೊತೆ ನಾವೇ ಹರಟುತ್ತಿದ್ದೆವು. ಅದೇ ಹೊತ್ತಿಗೆ ಒಳಗಿನಿಂದ ನಮ್ಮ ರಾಗಿ ಪಾವಗಡಕ್ಕೆ ಹೊರಟಿತು. ಮೇಡಂ ಗ್ಲಾಸು ಹಿಡಿದವರು ಹಿಡಿದಂತೆಯೇ ನಿಂತರು.

"ಅಯ್ಯೋ ದೇವುಡಾ! ನಮ್ ಬಾಗ್ಲು ಮುಂದೇನೇ ಬಾಡಿಗೆ ಮಣ್ಣುಪಾಲು ಮಾಡ್ತಾ ಇದೀವಲ್ಲೋ!"

ಆಗಿದ್ದಿಷ್ಟೇ. ಹಿಂದೊಮ್ಮೆ ಗಾಳಿಮಳೆಗೆ ನಮ್ಮ ಗೋಡೌನಿನ ಶೀಟು ಹಾರಿದಾಗ, ನಮ್ಮ ಪಕ್ಕದ ಕೊರಟಗೆರೆಗೆ ಶಿರಾದಿಂದ ರಾಗಿ ಕಳಿಸಿದ್ದರು. ಶಿರಾದ ರಾಗಿ ಅಲ್ಲಿಗೇ ಮುಗಿದುಹೋಗಿ, ಶೀಟು ಹಾಕಿದ ಮೇಲೆ ಪಾವಗಡ ನಮ್ಮ ಪಾಲಿಗೆ ಬಂತು. ಶೀಟು ಹಳೆಯದಾಗುತ್ತ ಬಂದರೂ ಲಾರಿಗಳು ಆ ದಾರಿ ಬಿಟ್ಟಿರಲಿಲ್ಲ.

ಪಾವಗಡದ ಗೋಡೌನಿನ ಬಗ್ಗೆ ತೀರ್ಮಾನಿಸುವ ಸಭೆಯ ದಿನ ಮೇಡಂ ಎರಡು ಕೆಟಲ್ ಟೀ ತರಿಸಿದರು. ಒಂದು ಶಿರಾದ ಡೈರೆಕ್ಟರುಗಳ ಮುಂದೆ, ಇನ್ನೊಂದು ಮಧುಗಿರಿಯವರ ಮುಂದೆ. ಕೊರಟಗೆರೆಯವರನ್ನು ಮಧುಗಿರಿಯವರ ಪಕ್ಕದಲ್ಲೇ ಕೂರಿಸಿದರು. ಪಾವಗಡದವರು ಮೇಜಿನಾಚೆ, ಎರಡೂ ಕೆಟಲಿಗೆ ಒಂದೇ ದೂರ, ಊರುಗಳು ಇದ್ದ ಹಾಗೆಯೇ. ಕೊಡುವ ಕೆಲಸ ನನ್ನದು. ಹೇಳಿಕೊಟ್ಟಂತೆ ಶಿರಾದ ಕೆಟಲಿನಿಂದ ಬಗ್ಗಿಸಿ, ಮಧುಗಿರಿಯ ಕೆಟಲನ್ನು ದಾಟಿ ಕೊರಟಗೆರೆಯವರಿಗೆ ಕೊಟ್ಟೆ. ಮಧುಗಿರಿಯ ಕೆಟಲಿನಿಂದ ಪಾವಗಡದವರಿಗೆ. ಮತ್ತೆ ಅದೇ, ಮತ್ತೆ ಅದೇ... ಕೊರಟಗೆರೆಯ ಹಿರಿಯರೊಬ್ಬರಿಗೆ ರೇಗಿಹೋಯಿತು.

"ಲೇ, ಕೆಟ್ಲು ನನ್ ಪಕ್ದಾಗೇ ಐತೆ. ಅಲ್ಲಿಂದ್ಯಾಕ್ಲಾ ಹೊತ್ಕಂಡ್ ಬತ್ತೀಯಾ? ತಲೆ ನೆಟ್ಟಗೈತಾ?"

ಮೇಡಂ ಎದ್ದು ನಿಂತರು. "ಅಂಗ್ ಕೇಳಿ ಯಜಮಾನ್ರೇ! ನಿಮ್ ರಾಗೀನೂ ಇಂಗೇ ಬತ್ತಾ ಐತೆ. ನಿಮ್ಗೆ ಮಧುಗಿರೀದು ಬರ್ಲಿ, ಪಾವಗಡಕ್ಕೆ ಶಿರಾದ್ದು ಹೋಗ್ಲಿ. ಬಾಡಿಗೇನೂ ಉಳೀತದೆ, ನಮ್ಮೂರ್ ಗೋಡೌನೂ ಉಳೀತದೆ."

ಅದೇ ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೌನು ಉಳಿಯಿತು! ಶಿರಾದಿಂದ ಪಾವಗಡಕ್ಕೆ ಹೊರಟ ಮೊದಲ ಲಾರಿಯಲ್ಲಿ ಮೇಡಂ ಡ್ರೈವರ್ ಪಕ್ಕ ಕೂತು ಹೋದರು. ಅಲ್ಲಿನ ಹಮಾಲರು ಅವರನ್ನು ಮೂಟೆಯ ಮೇಲೆ ಕೂರಿಸಿ ಹಾರ ಹಾಕಿದರಂತೆ. ಆ ಕಥೆ ಹೇಳಿದಾಗಲೆಲ್ಲ ಹಾರ ಒಂದಿಷ್ಟು ಉದ್ದವಾಗುತ್ತಿತ್ತು.

ಅವರು ತೀರಿಕೊಂಡು ಇನ್ನೇನು ವರ್ಷ ತುಂಬುತ್ತದೆ... ಮೊನ್ನೆ ಆ ಅಂಗಡಿಯಲ್ಲಿ ಲಾರಿಯ ಡ್ರೈವರನ್ನು ಕೇಳಿದೆ, "ಶಿರಾ ಗೋಡೌನಿಂದ ಪಾವಗಡಕ್ಕೇನಪ್ಪಾ?"

"ಇನ್ನೆಲ್ಲಿಂದ ಸಾ? ಮೊದ್ಲಿಂದ್ಲೂ ಇಂಗೇ ಅಲ್ವಾ?"

ಮೇಡಂ ಇವನಿಗೆ ಗೊತ್ತೇ ಇಲ್ಲವಲ್ಲ ಎಂದು ಬೇಸರವಾಯಿತು, ಅದರ ಹಿಂದೆಯೇ ಹೆಮ್ಮೆ. ಮೇಡಂ ಇದ್ದಿದ್ದರೆ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ನಾನೂ ಬಿಡಲಿಲ್ಲ. "ಕೂತ್ಕೊಳಪ್ಪ" ಎಂದು ಇನ್ನೆರಡು ಟೀ ಹೇಳಿ, ಅವನ ಗ್ಲಾಸನ್ನು ಮೇಜಿನ ಆ ತುದಿಗೆ ಸರಿಸಿದೆ.